ಐಡೆಲ್ಲಾಳ ಪಾರ್ಟು

ವರ್ನಾ ಟಾಲೆಫ್ಸನ್ ಮೈಕನ್ನು ಮೇಜಿನ ಮೇಲೆ ಜರುಗಿಸಿ ಬಾಯಿಯ ನೇರಕ್ಕೆ ತಂದಿಟ್ಟಾಗ ಓರ್ಫಾ ಮೊದಲು ಮಾಡಿದ ಕೆಲಸವೆಂದರೆ, ಕಟ್ಟಿಸಿಕೊಂಡ ಹಲ್ಲು ಸರಿಯಾಗಿ ಕೂತಿದೆಯೇ ಎಂದು ನಾಲಗೆಯಿಂದ ಒತ್ತಿ ನೋಡಿಕೊಂಡದ್ದು. ಹಲ್ಲು ಕೂತಿತ್ತು. ಮನಸ್ಸು ಕೂತಿರಲಿಲ್ಲ. ಸ್ಲೇಟರ್ ಡೇರೆ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರಲ್ಲಿ ಇನ್ನೂ ಬದುಕಿರುವುದು ನೀವೊಬ್ಬರೇ ಎಂದು ಕಳೆದ ಮಂಗಳವಾರ ವರ್ನಾ ಫೋನಿನಲ್ಲಿ ಹೇಳಿದಾಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗಿರಲಿಲ್ಲ, ನಿಂತಲ್ಲಿ ನಿಲ್ಲಲಾಗಿರಲಿಲ್ಲ. ಅಡುಗೆಮನೆಯ ಕಪಾಟನ್ನು ಎರಡು ಸಲ ಒರೆಸಿದ್ದಳು. ತೀರಿಹೋದ ಗಂಡನ ಕೋಟುಗಳನ್ನು ಯಾರಿಗಾದರೂ ಕೊಡೋಣವೆಂದು ಹೊರಗೆ ತೆಗೆದು, ಮನಸ್ಸು ಬಾರದೆ ಮತ್ತೆ ಒಳಗಿಟ್ಟಿದ್ದಳು. ಈ ಬೆಳಿಗ್ಗೆ ಚರ್ಚಿಗೆ ಹಾಕಿಕೊಳ್ಳುವ ನೀಲಿ ಉಡುಪನ್ನು ಕೈಗೆತ್ತಿಕೊಂಡು, ಧ್ವನಿ ಹಿಡಿಯುವ ಯಂತ್ರಕ್ಕೆ ಬಟ್ಟೆ ಕಾಣುತ್ತದೆಯೇ ಎಂದು ತನ್ನನ್ನೇ ಗೇಲಿ ಮಾಡಿಕೊಂಡು, ಆದರೂ ಅದನ್ನೇ ಹಾಕಿಕೊಂಡು ಬಂದಿದ್ದಳು. ಕೌಂಟಿಯ ಇತಿಹಾಸ ಸಂಘ ಇದ್ದದ್ದು ಎಂದೋ ಬಾಗಿಲು ಹಾಕಿದ ಬ್ಯಾಂಕಿನ ಕಟ್ಟಡದಲ್ಲಿ. ಒಂದು ಕಾಲಕ್ಕೆ ಬೀಗದೊಳಗಿದ್ದ ಉಕ್ಕಿನ ಕೋಣೆಯಲ್ಲಿ ಈಗ ನೊಗ, ಬೆಣ್ಣೆ ಕಡೆಯುವ ಪೀಪಾಯಿ, ಸತ್ತುಹೋದವರ ಮದುವೆಯ ಉಡುಪು. ಕಿಟಕಿಯಾಚೆ ನೆಬ್ರಾಸ್ಕಾದ ಗಾಳಿ ಯಾರದೋ ಅಂಗಡಿಯ ತಗಡಿನ ಫಲಕವನ್ನು ಬಡಿಯುತ್ತಲೇ ಇತ್ತು.

“ಹೆದರ್ಕೊಬೇಡಿ ಮಿಸೆಸ್ ಲಿಂಡ್‌ಕ್ವಿಸ್ಟ್,” ಎಂದಳು ವರ್ನಾ. ಮೂವತ್ತು ವರ್ಷ ಮೂರನೇ ಕ್ಲಾಸಿಗೆ ಪಾಠ ಹೇಳಿ ನಿವೃತ್ತಳಾದವಳು. ಎಲ್ಲರೊಡನೆಯೂ ಮೂರನೇ ಕ್ಲಾಸಿನವರೊಡನೆ ಮಾತಾಡಿದಂತೆಯೇ ಮಾತಾಡುತ್ತಿದ್ದಳು. “ಸ್ಲೇಟರ್ ಅವರ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ನಾಟಕದ ಪುಸ್ತಕ ಎಲ್ಲಾ ಸುಟ್ಟೋಯ್ತು. ಇವತ್ತು ನೀವು ಏನು ಹೇಳ್ತೀರೋ ಅದೇ ಇನ್ಮೇಲೆ ಉಳಿಯೋದು.”

“ನಾನು ಹೇಳಿದ್ದೇ?”

“ಇನ್ನು ಯಾರಿದಾರೆ ಹೇಳೋಕೆ?”

ಅದೇ ಓರ್ಫಾಳ ಭಯ. ಅಲ್ಲ ಎನ್ನುವವರು ಒಬ್ಬರಾದರೂ ಎಲ್ಲೋ ಬದುಕಿದ್ದಾರೆ ಎನ್ನುವ ತನಕ ಸುಳ್ಳು ಹೇಳುವವರಿಗೆ ಒಂದು ಬಗೆಯ ನೆಮ್ಮದಿಯಿರುತ್ತದೆ; ಎಂದಾದರೂ ಹಿಡಿದುಬಿಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಎಂಬ ನೆಮ್ಮದಿ. ಈಗ ಹಿಡಿಯುವವರು ಯಾರೂ ಇಲ್ಲ. ಎದುರು ಗೋಡೆಯಲ್ಲಿ, ಬರುವ ತಿಂಗಳು ತೆರೆಯಲಿರುವ ನಾಟಕ ಕೋಣೆಗೆಂದು ಕಟ್ಟು ಹಾಕಿಸಿದ ಅವಳ ಇಪ್ಪತ್ತರ ಹರೆಯದ ಫೋಟೋ ತೂಗುತ್ತಿತ್ತು. ಅದರ ಕೆಳಗೆ ಪತ್ರಿಕೆಯ ತುಣುಕು: ‘ಹಿರಿಯ ನಟಿ ಮಾತು ಮರೆತಾಗ ದೃಶ್ಯವನ್ನು ಕಾಪಾಡಿದ ಕಿಶೋರಿ.’ ಮೊಮ್ಮಕ್ಕಳು ಅದನ್ನು ನೋಡಲೆಂದೇ ಓಮಾಹಾದಿಂದ ಬರುವವರಿದ್ದರು. ಫೋಟೋದಲ್ಲಿದ್ದ ಹುಡುಗಿ ಗಲ್ಲ ಎತ್ತಿಕೊಂಡು, ತನಗೇನೂ ಗೊತ್ತೇ ಇಲ್ಲವೆಂಬಂತೆ ಬೇರೆ ಕಡೆ ನೋಡುತ್ತಿದ್ದಳು.

ಟೇಪು ಯಂತ್ರದ ಎರಡು ಚಕ್ರಗಳು ತಿರುಗತೊಡಗಿದವು. ವರ್ನಾ ಮೊದಲು ಕೇಳಿದ್ದು ಸುಲಭದ್ದು. ‘ಹೈರಾಮನ ಹೊಲದ ಬೇಲಿ’ ನಾಟಕದ ಕಥೆಯನ್ನು ಮೊದಲಿನಿಂದ ಹೇಳಿ, ಯಾರು ಯಾರಿಗೆ ಏನೆನ್ನುತ್ತಾರೆ ಅನ್ನುವುದನ್ನೂ ಸೇರಿಸಿ ಎಂದಳು. ಎರಡು ಬೇಸಿಗೆಯಲ್ಲಿ ನಲವತ್ತು ಸಲ ಆಡಿದ ನಾಟಕ ಓರ್ಫಾಳಿಗೆ ಗೊತ್ತಿರಲಿಲ್ಲ. ಇದನ್ನು ಹೇಗೆ ಹೇಳುವುದು? ಸ್ಲೇಟರ್ ಕಂಪನಿಯಲ್ಲಿ ಯಾರಿಗೂ ಇಡೀ ಪುಸ್ತಕ ಕೊಡುತ್ತಿರಲಿಲ್ಲ. ಅವರವರ ಮಾತು ಮಾತ್ರ ಅರ್ಧ ಹಾಳೆಗಳಲ್ಲಿ ಟೈಪು ಮಾಡಿ, ದಾರ ಪೋಣಿಸಿ ಕೈಗಿಡುತ್ತಿದ್ದರು. ಅದೇ ಪಾರ್ಟು. ಎದುರಿನವರ ಮಾತಿನಲ್ಲಿ ಕೊನೆಯ ಎರಡು ಮೂರು ಪದವಷ್ಟೇ ಅದರಲ್ಲಿರುತ್ತಿತ್ತು. ಕಂಪನಿಯವರು ಅದನ್ನು ತುದಿ ಎನ್ನುತ್ತಿದ್ದರು. ತುದಿ ಕಿವಿಗೆ ಬಿದ್ದ ಕೂಡಲೆ ನಿಮ್ಮ ಮಾತು ಎತ್ತಿಕೊಳ್ಳಬೇಕು. ಸೋಮವಾರಕ್ಕೊಂದು ನಾಟಕ, ಮಂಗಳವಾರಕ್ಕೊಂದು, ಹೀಗೆ ವಾರಕ್ಕೆ ಆರು. ಭಾನುವಾರ ಡೇರೆ ಕಿತ್ತು ಮುಂದಿನ ಊರು. ತಲೆಯೊಳಗೆ ಜಾಗವಾದರೂ ಎಲ್ಲಿತ್ತು? ಹೀಗಾಗಿ ಅವಳಿಗೆ ಹನ್ನೆರಡು ನಾಟಕಗಳ ತನ್ನ ಮಾತೆಲ್ಲ ಬಾಯಿಗೆ ಬರುತ್ತಿತ್ತು, ಉಳಿದವರದ್ದೆಲ್ಲ ಬರೀ ತುದಿ. ‘...ಮಳೆ ಬರೋ ಹಾಗಿದೆ.’ ‘...ಅವನ ಹೆಸರೆತ್ತಬೇಡ.’ ಯಾರ ಹೆಸರು? ನಾಚಿಕೆಯಾಯಿತು.

“ಮೂರನೇ ಅಂಕದಲ್ಲಿ ನಾನು ಲಾವಿನಿಯಾ,” ಎಂದಳು ತಡವರಿಸಿ. “ಮನೆಬಿಟ್ಟು ಹೋದ ಮಗಳು. ಹನ್ನೊಂದು ವರ್ಷ ಆದ್ಮೇಲೆ ವಾಪಸ್ ಬಂದು ಬಾಗಿಲಲ್ಲಿ ನಿಂತ್ಕೋತೀನಿ. ಚಿಕ್ಕಮ್ಮ ಹಿಟ್ಟು ನಾದ್ತಿರ್ತಾಳೆ. ಅವಳು ಏನೋ ಹೇಳ್ತಾಳೆ.”

“ಏನು ಹೇಳ್ತಾಳೆ?”

“ಉದ್ದಕ್ಕೆ ಏನೋ ಹೇಳ್ತಾಳಮ್ಮ. ಕೊನೇಲಿ ‘ಅಗುಳಿ ಹಾಕಿಲ್ಲ’ ಅಂತಾಳೆ. ಆಗ ನಾನು ‘ಅಪ್ಪ ಎಲ್ಲಿ’ ಅನ್ನಬೇಕು.”

“ಯಾವುದಕ್ಕೆ ಅಗುಳಿ ಹಾಕಿಲ್ಲ?”

ಓರ್ಫಾ ಯೋಚಿಸಿದಳು. ಗೊತ್ತಿಲ್ಲ. ಐವತ್ತು ವರ್ಷದ ಹತ್ತಿರ ಬಂತು, ಯಾವುದಕ್ಕೆ ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಬಾಗಿಲಲ್ಲಿ ನಿಂತು ಅವಳು ಕಾಯುತ್ತಿದ್ದುದು ಆ ತುದಿಗೆ. ಅಲ್ಲಿಯ ತನಕ ಲಂಗದ ನೆರಿಗೆ ಹೇಗೆ ಬಿದ್ದಿದೆ, ದೀಪದ ಬೆಳಕು ಕೆನ್ನೆಗೆ ಬೀಳುತ್ತಿದೆಯೇ, ಇದೇ ಯೋಚನೆ. ಒಂದು ಮಾತ್ರ ಚೆನ್ನಾಗಿ ನೆನಪಿತ್ತು: ಅವಳು ಹಾಗೆ ನಿಂತಿರುವಾಗ ಡೇರೆಯ ಬೆಂಚುಗಳ ಉದ್ದಕ್ಕೂ ಕರವಸ್ತ್ರಗಳು ಹೊರಬರುತ್ತಿದ್ದವು. ಹೊಲದ ಕೆಲಸ ಮಾಡಿ ಕೈ ಒರಟಾದ ಗಂಡಸರು ಕೂಡ ಮೂಗು ಸೀಟುತ್ತಿದ್ದರು. ಏನೂ ಮಾತಾಡದೆ ಬರಿಯ ಮುಖದಿಂದಲೇ ನೂರಾರು ಜನರನ್ನು ಅಳಿಸಿದ್ದೇನೆ ಎಂದು ಅವಳು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳಿಕೊಂಡು ಬಂದಿದ್ದಳು, ಮತ್ತು ಅಷ್ಟನ್ನಾದರೂ ಸುಳ್ಳೆಂದು ಭಾವಿಸಿರಲಿಲ್ಲ.

“ಹೋಗ್ಲಿ ಬಿಡಿ,” ವರ್ನಾ ಮೂರನೇ ಕ್ಲಾಸಿನ ದಡ್ಡಿಯನ್ನು ಕ್ಷಮಿಸುವಂತೆ ಕ್ಷಮಿಸಿದಳು. “ಆ ಶನಿವಾರದ ಮಧ್ಯಾಹ್ನದ ಆಟದ ವಿಷಯ ಹೇಳಿ. ಚಿಕ್ಕಮ್ಮನ ಪಾರ್ಟಿನ ಐಡೆಲ್ಲಾ ಪ್ರೌಟಿ ಮಾತು ಮರೆತದ್ದು.”

ಐಡೆಲ್ಲಾ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಓರ್ಫಾಳ ಕೈ ತಾನಾಗಿ ಕತ್ತಿನ ಗುಂಡಿಗೆ ಹೋಯಿತು. ಹೇಳಿಬಿಡುತ್ತೇನೆ ಎಂದು ನಿರ್ಧರಿಸಿಯೇ ಬಾಯಿ ತೆರೆದಳು. ಆದರೆ ಬಾಯಿಗೆ ಅದರದೇ ರೂಢಿ. ಮಹಿಳಾ ಸಂಘಗಳಲ್ಲಿ, ಚರ್ಚಿನ ನೆಲಮಾಳಿಗೆಯ ಊಟಗಳಲ್ಲಿ, ಯಾರದೋ ಐವತ್ತನೇ ಮದುವೆ ದಿನದಲ್ಲಿ ಹೇಳಿ ಹೇಳಿ ನಯವಾದ ಕಥೆ ಒಂದು ಪದವೂ ಅತ್ತಿತ್ತಾಗದೆ ಹೊರಗೆ ಬಂತು. ಸಾವಿರದ ಒಂಬೈನೂರ ಇಪ್ಪತ್ತೈದರ ಆಗಸ್ಟ್, ಕೆಂಡದಂಥ ಬಿಸಿಲು, ಡೇರೆಯ ಬದಿಗಳನ್ನು ಮೇಲೆ ಕಟ್ಟಿದ್ದರು, ಪಾಪ ಐಡೆಲ್ಲಾಗೆ ವಯಸ್ಸಾಗಿತ್ತು, ಇದ್ದಕ್ಕಿದ್ದಂತೆ ಏನೇನೋ ಹೇಳತೊಡಗಿದಳು, ನಾನು ಗಾಬರಿಯಾಗದೆ ಅವಳ ಕಣ್ಣಲ್ಲಿ ಕಣ್ಣಿಟ್ಟು, ಮೆಲ್ಲಗೆ ದಾರಿಗೆ ತಂದೆ. ಎಲ್ಲಿ ಉಸಿರು ಹಿಡಿಯಬೇಕೋ ಅಲ್ಲಿ ಹಿಡಿದಳು. ವರ್ನಾಳ ಕಣ್ಣು ಒದ್ದೆಯಾಯಿತು. ಕಥೆ ಮುಗಿದಾಗ ಓರ್ಫಾಳಿಗೆ ತನ್ನ ಮೇಲೆ ಎಷ್ಟು ಹೇಸಿಗೆಯಾಯಿತೆಂದರೆ, ನೀರು ಕೇಳಿ ಎರಡು ಲೋಟ ಕುಡಿದಳು.

ನಿಜವಾಗಿ ಮರೆತವಳು ಓರ್ಫಾಳೇ. ಮೂರನೇ ಬೆಂಚಿನಲ್ಲಿ, ಒಣಹುಲ್ಲಿನ ಟೊಪ್ಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಒಬ್ಬ ಸ್ವೀಡಿಷ್ ರೈತ ಹುಡುಗ ಕೂತಿದ್ದ. ಬಾಯಿ ಅರ್ಧ ತೆರೆದುಕೊಂಡು ವೇದಿಕೆಯನ್ನು ನೋಡುತ್ತಿದ್ದ. ತನ್ನನ್ನೇ ನೋಡುತ್ತಿದ್ದಾನೆ ಎಂದುಕೊಂಡು ಓರ್ಫಾಳೂ ಅವನನ್ನು ನೋಡಿದಳು. ಅಷ್ಟರಲ್ಲಿ ‘ಅಗುಳಿ ಹಾಕಿಲ್ಲ’ ಬಂತು, ಹೋಯಿತು. ಎರಡೇ ಪದದ ಮಾತು, ಅಪ್ಪ ಎಲ್ಲಿ, ಅದು ತಲೆಯಿಂದ ಗುಡಿಸಿ ಹಾಕಿದಂತೆ ಮಾಯವಾಗಿತ್ತು. ಅದೂ ಸೇರಿ ಆ ದೃಶ್ಯದ ಹದಿನಾಲ್ಕು ಸಾಲೂ ಮಾಯ. ಆಗ ಐಡೆಲ್ಲಾ ಹಿಟ್ಟಿನಿಂದ ಕೈ ತೆಗೆಯದೆಯೇ, ಅವಸರವಿಲ್ಲದೆ, “ಅಪ್ಪ ಎಲ್ಲಿ ಅಂತ ಕೇಳೋಕೆ ಬಾಯಿ ಬರ್ತಿಲ್ಲ ಅಲ್ವಾ ಮಗಳೇ ನಿಂಗೆ?” ಎಂದಳು. ಆಮೇಲೆ ಓರ್ಫಾಳ ಹದಿನಾಲ್ಕು ಸಾಲನ್ನೂ ಒಂದೊಂದಾಗಿ ಪ್ರಶ್ನೆ ಮಾಡಿ, ಒಂದೊಂದಕ್ಕೂ ತಾನೇ ಉತ್ತರ ಹೇಳಿ, ಈ ಹುಡುಗಿ ದುಃಖಕ್ಕೆ ಮೂಕಳಾಗಿದ್ದಾಳೆ ಎಂದು ಇಡೀ ಡೇರೆ ನಂಬುವಂತೆ ದೃಶ್ಯವನ್ನು ಎತ್ತಿಕೊಂಡು ಹೋಗಿ ಆಚೆ ದಡದಲ್ಲಿ ಇಳಿಸಿದಳು. ಓರ್ಫಾ ಮಾಡಿದ್ದು ನಿಂತದ್ದು, ಅತ್ತದ್ದು. ಅಳು ಮಾತ್ರ ನಿಜವಾದದ್ದು, ಹೆದರಿಕೆಯದ್ದು.

ಆಟ ಮುಗಿದ ಮೇಲೆ ಮಾಲೀಕ ಹೋಬರ್ಟ್ ಸ್ಲೇಟರ್ ಪರದೆಯ ಹಿಂದೆ ಬಂದ. ಅವನು ಟಿಕೆಟ್ಟಿನ ಗೂಡಿನಿಂದ ಬರುವಾಗ ದೃಶ್ಯ ಅರ್ಧವಾಗಿತ್ತು. ಅವನ ಕಿವಿಗೆ ಬಿದ್ದದ್ದು ಪುಸ್ತಕದಲ್ಲಿಲ್ಲದ ಮಾತುಗಳು, ಅದೂ ಐಡೆಲ್ಲಾಳ ಬಾಯಿಂದ. ಎಲ್ಲರೆದುರೂ, “ಐಡೆಲ್ಲಾ, ವಯಸ್ಸಾಯ್ತು ನಿಂಗೆ. ಹುಡುಗಿ ಮಾತನ್ನೆಲ್ಲ ನೀನೇ ನುಂಗಿಬಿಟ್ಟೆಯಲ್ಲ,” ಎಂದ. ಐಡೆಲ್ಲಾ ಪೆಟ್ಟಿಗೆಯ ಮೇಲೆ ಕೂತು ಬಣ್ಣ ತೆಗೆಯಲು ಮುಖಕ್ಕೆ ಕೊಬ್ಬು ಸವರಿಕೊಳ್ಳುತ್ತಿದ್ದಳು. ಒಂದು ಸಲ, ಒಂದೇ ಸಲ ಓರ್ಫಾಳತ್ತ ನೋಡಿದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ. ಇದ್ದಿದ್ದರೆ ಓರ್ಫಾ ಸಿಟ್ಟಾಗಿಯಾದರೂ ಬಚಾವಾಗುತ್ತಿದ್ದಳು. “ಹೂಂ ಹೋಬರ್ಟ್, ವಯಸ್ಸಾಯ್ತು,” ಎಂದಳು ಐಡೆಲ್ಲಾ. ಡೇರೆಯಲ್ಲಿ ಕೂತಿದ್ದ ಪತ್ರಿಕೆಯವನೂ ಸ್ಲೇಟರ್ ಹೇಳಿದ್ದನ್ನೇ ಬೆಳೆಸಿ, ಹುಡುಗಿಯೇ ದೃಶ್ಯ ಕಾಪಾಡಿದಳೆಂದು ಬರೆದ. ಮುಂದಿನ ವರ್ಷ ಕಂಪನಿ ಮತ್ತೆ ಒಟ್ಟುಗೂಡಿದಾಗ ಚಿಕ್ಕಮ್ಮನ ಪಾರ್ಟಿಗೆ ಬೇರೆ ಯಾರೋ ಬಂದಿದ್ದರು. ಅದರ ಮುಂದಿನ ವರ್ಷ ಓರ್ಫಾ, ಅವತ್ತು ತನ್ನ ಅಳು ಕಂಡು ಮಾತಾಡಿಸಲು ಬಂದಿದ್ದ ಟೊಪ್ಪಿಯ ಹುಡುಗ ಆರ್ವಿಡ್ ಲಿಂಡ್‌ಕ್ವಿಸ್ಟನನ್ನು ಮದುವೆಯಾದಳು. ಮೂವತ್ತೆಂಟು ವರ್ಷ ಒಳ್ಳೆಯ ಸಂಸಾರ, ಮೂರು ಮಕ್ಕಳು. ತಾನು ಮರೆತ ಒಂದು ಮಾತಿನಿಂದ ತನಗೆ ಮನೆ ಸಿಕ್ಕಿತು, ಐಡೆಲ್ಲಾಳ ಅನ್ನ ಹೋಯಿತು. ಐಡೆಲ್ಲಾ ತೀರಿಕೊಂಡದ್ದನ್ನು ಓದಿ ತಿಳಿದ ದಿನ ಓರ್ಫಾ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಳು, ನಾದುತ್ತಲೇ ಇದ್ದಳು, ಆರ್ವಿಡ್ ಬಂದು ಸಾಕು ಮಾರಾಯ್ತಿ ಎನ್ನುವ ತನಕ. ಅವನಿಗೂ ಹೇಳಿರಲಿಲ್ಲ.

ವರ್ನಾ ಯಂತ್ರ ನಿಲ್ಲಿಸಿ ಕಾಫಿ ಬಗ್ಗಿಸಿದಳು, ಮನೆಯಿಂದ ತಂದಿದ್ದ ರೂಬಾರ್ಬ್ ಎಂಬ ಹುಳಿ ದಂಟಿನ ಪೈ ಕತ್ತರಿಸಿಟ್ಟಳು. ಆಮೇಲೆ, ಬಹುಮಾನ ಕೊಡುವ ಟೀಚರಂತೆ ಮುಖ ಮಾಡಿಕೊಂಡು, ಉಕ್ಕಿನ ಕೋಣೆಯಿಂದ ಒಂದು ಬೂಟಿನ ಡಬ್ಬ ತಂದಳು. “ನಿಮಗೆ ಆಶ್ಚರ್ಯ ಆಗ್ಲಿ ಅಂತ ಮೊದಲೇ ಹೇಳ್ಲಿಲ್ಲ. ಐಡೆಲ್ಲಾ ಅವರ ತಮ್ಮನ ಮೊಮ್ಮಗಳು ಕೊಟ್ಟದ್ದು, ಅಟ್ಟ ಗುಡಿಸುವಾಗ ಸಿಕ್ತಂತೆ. ಪುಸ್ತಕ ಸುಟ್ಟೋದ್ರೂ ಇದೊಂದು ಪಾರ್ಟು ಉಳಿದಿದೆ.”

ನೀಲಿ ಬಣ್ಣದ ಅರ್ಧ ಹಾಳೆಗಳು, ಬೂಟಿನ ಲಾಡಿಯಿಂದ ಕಟ್ಟಿದ್ದು. ‘ಹೈರಾಮನ ಹೊಲದ ಬೇಲಿ. ಚಿಕ್ಕಮ್ಮ.’ ಓರ್ಫಾ ಕನ್ನಡಕ ಏರಿಸಿಕೊಂಡು ಮೂರನೇ ಅಂಕಕ್ಕೆ ಬಂದಳು. ಮನುಷ್ಯನ ಬುದ್ಧಿ ಎಲ್ಲಿ ಹೋಗುತ್ತದೆ? ಅಲ್ಲೂ ಅವಳ ಕಣ್ಣು ಹುಡುಕಿದ್ದು ತನ್ನನ್ನೇ. ಟೈಪಿನ ಸಾಲುಗಳನ್ನು ಬಿಟ್ಟು ಅಂಚಿಗೆ ಹೋಯಿತು, ಏಕೆಂದರೆ ಅಂಚಿನ ತುಂಬ ಪೆನ್ಸಿಲಿನಲ್ಲಿ, ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಲಾವಿನಿಯಾಳ ಮಾತುಗಳಿದ್ದವು. ಅಪ್ಪ ಎಲ್ಲಿ? ಹೊಲದಲ್ಲಿದಾರಾ? ನಾನು ಬಂದೆ ಅಂತ ಈಗ್ಲೇ ಹೇಳ್ಬೇಡ. ಹದಿನಾಲ್ಕು ಸಾಲೂ. ಯಾರೂ ಅದನ್ನು ಐಡೆಲ್ಲಾಗೆ ಟೈಪು ಮಾಡಿ ಕೊಟ್ಟಿರಲಿಲ್ಲ. ಹಿಟ್ಟು ನಾದುತ್ತ ನಾದುತ್ತ ಕೇಳಿಸಿಕೊಂಡು, ರೂಮಿಗೆ ಹೋಗಿ ಬರೆದಿಟ್ಟುಕೊಂಡಿದ್ದಳು. ಕೆಳಗೆ ಜೂನ್ ತಿಂಗಳ ತಾರೀಖು. ಆ ಮಧ್ಯಾಹ್ನಕ್ಕೆ ಎರಡು ತಿಂಗಳ ಮೊದಲಿನದು. ಅದರ ಪಕ್ಕದಲ್ಲಿ: ‘ಮಗು ಇಲ್ಲಿ ಒಮ್ಮೊಮ್ಮೆ ತಡವರಿಸುತ್ತೆ. ಗದರಬಾರದು. ಹತ್ತಿರ ಇರಬೇಕು.’

ಓರ್ಫಾ ಅದನ್ನು ಎಷ್ಟು ಹೊತ್ತು ನೋಡುತ್ತಿದ್ದಳೋ, ಕಾಫಿ ಆರಿತು. ಅವಳು ನಿರೀಕ್ಷಿಸಿದ್ದು ಪಶ್ಚಾತ್ತಾಪ. ಅದಕ್ಕೆ ಸಿದ್ಧವಾಗಿಯೇ ಬಂದಿದ್ದಳು, ಅದು ಅವಳಿಗೆ ಹಳೆಯ ನೆಂಟ. ಆದರೆ ಬಂದದ್ದು ಬೇರೆ. ಇಪ್ಪತ್ತರ ಹರೆಯದ ಆ ಬೇಸಿಗೆಯುದ್ದಕ್ಕೂ, ಊರೂರಿನ ಧೂಳಿನಲ್ಲಿ, ತಾನು ಕನ್ನಡಿ ನೋಡಿಕೊಳ್ಳುತ್ತಿದ್ದಾಗ, ಯಾರೋ ಒಬ್ಬರು ತನ್ನ ಹತ್ತಿರ ಇರಬೇಕು ಎಂದು ಬರೆದಿಟ್ಟುಕೊಂಡು ಹತ್ತಿರ ಇದ್ದರು. ಹೆತ್ತ ತಾಯಿಯನ್ನು ಆರು ವರ್ಷಕ್ಕೇ ಕಳೆದುಕೊಂಡವಳಿಗೆ ಅದು ಗೊತ್ತೇ ಆಗಿರಲಿಲ್ಲ. ಗೊತ್ತಾಗದಿದ್ದರೂ ಸಿಕ್ಕಿತ್ತಲ್ಲ. ಎಷ್ಟೋ ವರ್ಷದ ಮೇಲೆ ಸುಖವೆನಿಸುವಂತೆ ಅತ್ತಳು. ವರ್ನಾ ಗಾಬರಿಯಾಗಿ ಪೈ ತಟ್ಟೆಯನ್ನು ಅವಳ ಹತ್ತಿರ ತಳ್ಳಿದಳು.

“ಯಂತ್ರ ಹಾಕಮ್ಮ,” ಎಂದಳು ಓರ್ಫಾ.

“ಸ್ವಲ್ಪ ಸುಧಾರಿಸ್ಕೊಳ್ಳಿ.”

“ಸುಧಾರಿಸ್ಕೊಂಡ್ರೆ ಮತ್ತೆ ಸುಳ್ಳೇ ಬರುತ್ತೆ. ಹಾಕು.”

ಈ ಸಲ ಕಥೆ ನಯವಾಗಿರಲಿಲ್ಲ. ಹಿಂದಿನದು ಮುಂದಾಯಿತು, ಟೊಪ್ಪಿಯ ಹುಡುಗ ಎರಡು ಸಲ ಬಂದ, ಒಂದು ಕಡೆ ಕಟ್ಟಿದ ಹಲ್ಲು ಟಕ್ಕೆಂದಿತು. ಮರೆತವಳು ನಾನು ಎಂದಳು. ಕಾಪಾಡಿದವಳು ಅವಳು, ಬೈಸಿಕೊಂಡವಳೂ ಅವಳು, ಕೆಲಸ ಕಳೆದುಕೊಂಡವಳೂ ಅವಳು. ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲೇ ನಿಂತಿದ್ದೆ ಎಂದಳು. ನನ್ನ ಮನೆ, ಮಕ್ಕಳು, ಇಲ್ಲಿ ಕೂತು ಪೈ ತಿನ್ನುತ್ತಿರುವುದು ಎಲ್ಲ ಆ ಹೆಂಗಸು ಆಡಿದ ಹದಿನಾಲ್ಕು ಸಾಲಿನಿಂದ, ಅವಳಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ ನಾನು, ಇವತ್ತು ಹೇಳುತ್ತಿದ್ದೇನೆ ಎಂದಳು. ವರ್ನಾ ಗೋಡೆಯ ಮೇಲಿನ ಫೋಟೋ ನೋಡಿದಳು, ಪತ್ರಿಕೆಯ ತುಣುಕು ನೋಡಿದಳು, ಮುದುಕಿಯನ್ನು ನೋಡಿದಳು. ಪಾಪ, ಅವಳು ಅದಕ್ಕೆ ಕಟ್ಟು ಹಾಕಿಸಲು ಎರಡು ಸಲ ಲಿಂಕನ್ ನಗರಕ್ಕೆ ಹೋಗಿ ಬಂದಿದ್ದಳು.

“ಮೊದಲು ಹೇಳಿದ್ದನ್ನ ಅಳಿಸಿಬಿಡ್ಲಾ?” ಎಂದು ಮೆಲ್ಲಗೆ ಕೇಳಿದಳು. “ಯಾರಿಗೂ ಗೊತ್ತಾಗಲ್ಲ.”

“ಅಳಿಸಬೇಡ. ನಾನು ಎಷ್ಟು ಚೆನ್ನಾಗಿ ಸುಳ್ಳು ಹೇಳ್ತಿದ್ದೆ ಅಂತ ಗೊತ್ತಾಗ್ಲಿ. ಗೋಡೆ ಮೇಲಿಂದ ಆ ಕಾಗದ ಮಾತ್ರ ತೆಗಿ.”

“ನಿಮ್ಮ ಮೊಮ್ಮಕ್ಕಳು ಬರ್ತಾರಲ್ಲ, ಏನಂದ್ಕೋತಾರೆ?”

“ಅವರಿಗೂ ಇದನ್ನೇ ಹಾಕಿ ಕೇಳಿಸು. ಅಜ್ಜಿ ಬಗ್ಗೆ ಸ್ವಲ್ಪ ಬೇಜಾರು ಮಾಡ್ಕೋತಾರೆ. ಆಮೇಲೆ ಐಸ್‌ಕ್ರೀಮ್ ಕೇಳ್ತಾರೆ.”

ವರ್ನಾ ನಕ್ಕಳು, ನಕ್ಕದ್ದು ಟೇಪಿನೊಳಕ್ಕೆ ಹೋಯಿತಲ್ಲ ಎಂದು ಬಾಯಿ ಮುಚ್ಚಿಕೊಂಡಳು. ಅರ್ಧ ಗಂಟೆಯ ಟೇಪು ಇನ್ನೂ ಉಳಿದಿತ್ತು. ಆ ದೃಶ್ಯವನ್ನಾದರೂ ಇಬ್ಬರೂ ಸೇರಿ ಆಡಿ ಹಿಡಿದಿಡೋಣ ಎಂದವಳು ವರ್ನಾ. ಒಬ್ಬಳ ಪಾರ್ಟು ಕಾಗದದಲ್ಲಿದೆ, ಇನ್ನೊಬ್ಬಳದ್ದು ಬಾಯಲ್ಲಿದೆ. ಎರಡೂ ಸೇರಿದರೆ ಒಂದು ದೃಶ್ಯವಾದರೂ ಪೂರ್ತಿ ಉಳಿಯುತ್ತದೆ. ಓರ್ಫಾ ಎದ್ದಳು. ಕೂತು ಆಡಿ ಅಭ್ಯಾಸವಿರಲಿಲ್ಲ. ಮೇಜಿನಿಂದ ಎರಡು ಹೆಜ್ಜೆ ಆಚೆ, ಬಾಗಿಲಲ್ಲಿ ನಿಲ್ಲುವಂತೆ ನಿಂತು, ಒಂದು ಕೈಯನ್ನು ಕಾಣದ ಚೌಕಟ್ಟಿಗೆ ಆನಿಸಿದಳು. ಗಲ್ಲ ತಾನಾಗಿ ಮೇಲೆದ್ದಿತು. ಬರುತ್ತದೆ, ಎಂದುಕೊಂಡಳು, ಅಗುಳಿ ಹಾಕಿಲ್ಲ, ಅಪ್ಪ ಎಲ್ಲಿ. ಈ ಸಲ ತಪ್ಪುವುದಿಲ್ಲ.

ವರ್ನಾ ನೀಲಿ ಹಾಳೆಯನ್ನು ಬೆಳಕಿಗೆ ಹಿಡಿದು, ಯಾವ ನಾಟಕೀಯತೆಯೂ ಇಲ್ಲದೆ, ಮಕ್ಕಳಿಗೆ ಪಾಠ ಓದುವ ದನಿಯಲ್ಲಿ ಓದಿದಳು:

“ನೀನು ಹೋದ ದಿನ ಸಂಜೆ ನಿಮ್ಮಪ್ಪ ಹೇಳಿದ್ರು, ಲಾವಿನಿಯಾ ಇನ್ನು ಈ ಮನೆ ಮಗಳಲ್ಲ, ಹೊತ್ತು ಮುಳುಗಿದ ಮೇಲೆ ಬಾಗಿಲಿಗೆ ಅಗುಳಿ ಬೀಳಬೇಕು ಅಂತ. ನಾನು ಅವರ ಮಾತಿಗೆ ಎದುರಾಡಿದವಳಲ್ಲ. ದಿನಾ ಸಂಜೆ ಬಾಗಿಲ ಹತ್ರ ಹೋಗ್ತಿದ್ದೆ. ಅಗುಳಿ ಹಿಡ್ಕೊಂಡು ಗಡಗಡ ಅಲ್ಲಾಡಿಸ್ತಿದ್ದೆ. ಒಳಗೆ ಮಲಗಿದ್ದೋರಿಗೆ ಸದ್ದು ಕೇಳಿಸ್ಬೇಕಲ್ಲ. ಹಾಕಿದ್ಯಾ ಅನ್ನೋರು. ಹೂಂ ಅಂತಿದ್ದೆ. ಹಿಮ ಬಿದ್ದಾಗ ಬಾಗಿಲು ಗಾಳಿಗೆ ತೆರ್ಕೊಂಡು ಒಳಗೆಲ್ಲ ಬರೋದು. ಅವರು ಏಳೋಕೆ ಮುಂಚೆ ಎದ್ದು ಗುಡಿಸ್ತಿದ್ದೆ. ಹನ್ನೊಂದು ವರ್ಷ ಸದ್ದು ಮಾಡಿದೀನಿ ಮಗಳೇ. ಒಂದೇ ಒಂದು ದಿನಾನೂ ಅಗುಳಿ ಹಾಕಿಲ್ಲ.”

ಚಕ್ರಗಳು ತಿರುಗುತ್ತಿದ್ದವು. ಓರ್ಫಾ ಚೌಕಟ್ಟಿಗೆ ಕೈಯಾನಿಸಿ ನಿಂತೇ ಇದ್ದಳು. ಕರವಸ್ತ್ರಗಳು ಕಂಡವು, ಮೂಗು ಸೀಟುವ ಗಂಡಸರು ಕಂಡರು, ಮೂರನೇ ಬೆಂಚಿನಲ್ಲಿ ಅರ್ಧ ಬಾಯಿ ತೆರೆದುಕೊಂಡ ಆರ್ವಿಡ್ ಕಂಡ. ಅವನು ನೋಡುತ್ತಿದ್ದುದು ಅವಳನ್ನಲ್ಲ. ಇಡೀ ಡೇರೆ ಹಿಟ್ಟು ನಾದುವ ಹೆಂಗಸಿನ ಮಾತು ಕೇಳುತ್ತಿತ್ತು. ಊರೂರಿನಲ್ಲೂ ಅದನ್ನು ಕೇಳದೆ ಇದ್ದವಳು ಅವಳೊಬ್ಬಳೇ, ಅದೂ ಅಷ್ಟು ಹತ್ತಿರ ನಿಂತು. ವಿಚಿತ್ರವೆಂದರೆ ಅವಮಾನವಾಗಲಿಲ್ಲ. ಬಾಗಿಲು ಈಗಲೂ ತೆರೆದಿದೆಯಲ್ಲ ಎನ್ನಿಸಿತು.

ವರ್ನಾ ಕಾದಳು. ಕನ್ನಡಕದ ಮೇಲಿನಿಂದ ನೋಡಿದಳು. ಮುದುಕಿ ಮತ್ತೆ ಮರೆತಳೆಂದುಕೊಂಡು, ಟೇಪಿಗೆ ಕೇಳಿಸದಂತೆ ಮುಂದಕ್ಕೆ ಬಾಗಿ, ತುಟಿಯಲ್ಲೇ “ಅಪ್ಪ ಎಲ್ಲಿ” ಎಂದಳು.

“ಗೊತ್ತಮ್ಮ, ಮರ್ತಿಲ್ಲ,” ಎಂದಳು ಓರ್ಫಾ. “ಕೇಳಿಸ್ಕೋತಾ ಇದ್ದೆ. ಇನ್ನೊಂದ್ಸಲ ಮೊದಲಿಂದ ಓದು.”